ಲೇಬಲ್ ಮುಚ್ಚಿ ಪೋರ್ಟ್ ಸವಿಯುವ ಸಂಜೆ: ಬ್ಲೈಂಡ್ ಟೇಸ್ಟಿಂಗ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಪೋರ್ಟ್ ವೈನಿನ ಬ್ಲೈಂಡ್ ಟೇಸ್ಟಿಂಗ್ ಇಟ್ಟುಕೊಂಡಾಗ ಬಾಟಲಿಗಳನ್ನು ಚೆನ್ನಾಗಿಯೇ ಮುಚ್ಚಿದ್ದೆ. ಪ್ರತಿಯೊಂದಕ್ಕೂ ಕಾಗದದ ಚೀಲ, ಕತ್ತಿಗೆ ರಬ್ಬರ್ ಬ್ಯಾಂಡ್, ಚೀಲದ ಮೇಲೆ ದೊಡ್ಡದಾಗಿ ಅಂಕಿ. ಆದರೆ ತೆಗೆದ ಕಾರ್ಕ್‌ಗಳನ್ನು ಮೇಜಿನ ಮೂಲೆಯ ತಟ್ಟೆಯಲ್ಲೇ ಬಿಟ್ಟಿದ್ದೆ. ವಿಂಟೇಜ್ ಪೋರ್ಟಿನ ಕಾರ್ಕ್ ಮೇಲೆ ಕಂಪನಿಯ ಹೆಸರೂ ವರ್ಷವೂ ಅಚ್ಚಾಗಿರುತ್ತವೆ. ಒಬ್ಬರು ಅದನ್ನು ನೋಡಿದರು, ಪಕ್ಕದವರಿಗೆ ಕಣ್ಸನ್ನೆ ಮಾಡಿದರು. ಐದೇ ನಿಮಿಷದಲ್ಲಿ ಇಡೀ ಮೇಜಿಗೆ ಸುದ್ದಿ ಮುಟ್ಟಿತು. ಅದುವರೆಗೆ ಯಾರೂ ಅಷ್ಟಾಗಿ ಹಚ್ಚಿಕೊಳ್ಳದಿದ್ದ ನಾಲ್ಕನೇ ಗ್ಲಾಸು ಇದ್ದಕ್ಕಿದ್ದಂತೆ ಎಲ್ಲರಿಗೂ ಇಷ್ಟವಾಗಿಬಿಟ್ಟಿತು.

ಬಂದವರದ್ದೇನೂ ತಪ್ಪಿಲ್ಲ. ಹೆಸರು ಗೊತ್ತಾದ ಮೇಲೆ ನಾಲಿಗೆ ಹೆಸರಿನ ಹಿಂದೆಯೇ ಹೋಗುತ್ತದೆ, ನನ್ನದೂ ಹೋಗುತ್ತದೆ. ಅದಕ್ಕೇ ಇಂಥ ಸಂಜೆಯಲ್ಲಿ ಒಳ್ಳೆಯ ಬಾಟಲಿ ತರುವುದಕ್ಕಿಂತ ತಂದದ್ದನ್ನು ಸರಿಯಾಗಿ ಅಡಗಿಸುವುದು ದೊಡ್ಡ ಕೆಲಸ. ಅದರ ಜೊತೆಗೆ ಪೋರ್ಟಿನದ್ದೇ ಆದ ಮೂರು ತಲೆನೋವುಗಳಿವೆ: ಸಿಹಿ, ಆಲ್ಕೋಹಾಲ್ ಮತ್ತು ತಳದ ಗಷ್ಟು. ಮಾಮೂಲಿ ವೈನಿನ ಟೇಸ್ಟಿಂಗ್ ನಡೆಸಿ ಅಭ್ಯಾಸ ಇರುವವರೂ ಇಲ್ಲಿ ಎಡವುತ್ತಾರೆ.

ಹಂತ 1: ಒಂದು ಸಂಜೆಗೆ ಒಂದೇ ಪ್ರಶ್ನೆ

ಮನೆಯಲ್ಲಿ ಇರುವ ಪೋರ್ಟನ್ನೆಲ್ಲ ಸಾಲಾಗಿ ಇಟ್ಟು 'ಯಾವುದು ಚೆನ್ನಾಗಿದೆ ಹೇಳಿ' ಅಂದರೆ ಉಪಯೋಗವಿಲ್ಲ. ಯಾಕೆ ಎಂದು ತಿಳಿಯಲು ಪೋರ್ಟ್ ಹೇಗೆ ಆಗುತ್ತದೆ ಎನ್ನುವುದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ.

ಪೋರ್ಚುಗಲ್‌ನ ಡೌರೊ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಈ ಪ್ರದೇಶಕ್ಕೆ 1756ರಲ್ಲೇ ಗಡಿ ಗುರುತಿಸಿದ್ದರು. ರಸ ಹುಳಿಯಲು ಶುರುವಾಗಿ ಎರಡು ಮೂರು ದಿನ ಆಗುವಷ್ಟರಲ್ಲಿ, ಅರ್ಧದಷ್ಟು ಸಕ್ಕರೆ ಇನ್ನೂ ಉಳಿದಿರುವಾಗಲೇ, ಅದಕ್ಕೆ ಶೇ. 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿಯ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಸುಮಾರು ಶೇ. 20ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ಒಂದಿಷ್ಟು ವೈನ್ ಬೇಗ ಬಾಟಲಿಗೆ ಹೋಗಿ ಗಾಳಿಯಿಲ್ಲದೆ ಮಾಗುತ್ತದೆ. ವಿಂಟೇಜ್ ಅಂದರೆ ಅದು. ಸುಗ್ಗಿಯಾದ ಎರಡನೇ ಅಥವಾ ಮೂರನೇ ವರ್ಷದಲ್ಲಿ ಬಾಟಲಿಗೆ ತುಂಬಿ, ಆಮೇಲೆ ದಶಕಗಟ್ಟಲೆ ಇಡುತ್ತಾರೆ. ಇನ್ನೊಂದಿಷ್ಟು ಮರದ ಪೀಪಾಯಿಯಲ್ಲೇ ಕೂತು ನಿಧಾನವಾಗಿ ಗಾಳಿ ಕುಡಿಯುತ್ತಾ ಬಣ್ಣ ಕಳೆದುಕೊಳ್ಳುತ್ತದೆ. ಅದು ಟಾನಿ. ನಾಲ್ಕರಿಂದ ಆರು ವರ್ಷ ಕಾದು ಬಾಟಲಿಗೆ ಬರುವ ಲೇಟ್ ಬಾಟಲ್ಡ್ ವಿಂಟೇಜ್, ಅಂದರೆ ಎಲ್‌ಬಿವಿ, ವಿಂಟೇಜಿನ ಬಡ ಸೋದರ ಎನ್ನಬಹುದು. ಬಡತನ ಬೆಲೆಯಲ್ಲಿ ಮಾತ್ರ, ರುಚಿಯಲ್ಲಿ ಯಾವಾಗಲೂ ಅಲ್ಲ.

ಟಾನಿಯ ಪಕ್ಕ ಎಳೆಯ ವಿಂಟೇಜ್ ಇಟ್ಟರೆ ಬಣ್ಣ ನೋಡಿಯೇ ಎಲ್ಲರಿಗೂ ಗೊತ್ತಾಗುತ್ತದೆ. ಮೇಲಾಗಿ ವಿಂಟೇಜಿನ ಒಗರಿನ ಮುಂದೆ ಟಾನಿ ತೆಳ್ಳಗಾಗಿ ಕಾಣುತ್ತದೆ, ಅದಕ್ಕೆ ಅನ್ಯಾಯ. ಎರಡನ್ನೂ ಒಂದೇ ಸುತ್ತಿನಲ್ಲಿ ಬೆರೆಸಬೇಡಿ.

ಹಾಗಾದರೆ ಯಾವ ಪ್ರಶ್ನೆ ಕೇಳಬಹುದು? ಮೊದಲ ಸಲ ನಡೆಸುವವರಿಗೆ ನನ್ನ ಸಲಹೆ ಆರು ಕಂಪನಿಗಳ ಎಲ್‌ಬಿವಿ. ಬಣ್ಣ ಹೆಚ್ಚುಕಮ್ಮಿ ಒಂದೇ, ಬೆಲೆಯೂ ಹತ್ತಿರ ಹತ್ತಿರ. ಕಣ್ಣಿಗೆ ಸುಳಿವೇ ಸಿಗುವುದಿಲ್ಲ. 'ನಾನು ಇಂಥ ಕಂಪನಿಯ ಅಭಿಮಾನಿ' ಎನ್ನುವವರ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎರಡನೆಯದು ಟಾನಿಯ ಏಣಿ: 10, 20, 30, 40 ವರ್ಷದವು. ವಯಸ್ಸಿನ ಕ್ರಮದಲ್ಲಿ ಜೋಡಿಸಿ ಎಂದು ಕೇಳಿ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡಿ. ಲೇಬಲ್ ಮೇಲಿನ 20 ಎನ್ನುವ ಅಂಕಿಯ ಅರ್ಥ ಒಳಗಿನ ಪ್ರತಿ ಹನಿಗೂ 20 ವರ್ಷ ಆಗಿದೆ ಎಂದಲ್ಲ. ಬೇರೆ ಬೇರೆ ವಯಸ್ಸಿನ ವೈನ್ ಬೆರೆಸಿ 20 ವರ್ಷದ ಟಾನಿಯ ಗುಣ ತಂದಿರುತ್ತಾರೆ. ಆ ಗುಣ ಬಂದಿದೆಯೋ ಇಲ್ಲವೋ ಎಂದು ಒಪ್ಪಿಗೆ ಕೊಡುವುದು ಪೋರ್ಚುಗಲ್‌ನ ಡೌರೊ ಮತ್ತು ಪೋರ್ಟ್ ವೈನ್ ಸಂಸ್ಥೆಯ ರುಚಿ ನೋಡುವವರ ತಂಡ. ಅವರೂ ಕಂಪನಿಯ ಹೆಸರು ಗೊತ್ತಿಲ್ಲದೆಯೇ ಸವಿಯುತ್ತಾರೆ. ಒಂದೇ ವರ್ಷದ ಸುಗ್ಗಿಯಿಂದ ಆದ ಟಾನಿ ಬೇಕಿದ್ದರೆ ಕೊಲ್ಯೇಟಾ ಹುಡುಕಬೇಕು. ಅದು ಕನಿಷ್ಠ ಏಳು ವರ್ಷ ಮರದಲ್ಲಿ ಇದ್ದಿರುತ್ತದೆ.

ಕೈ ಪಳಗಿದ ಮೇಲೆ ವಿಂಟೇಜಿಗೆ ಹೋಗಿ. ಒಂದೇ ವರ್ಷ, ಬೇರೆ ಬೇರೆ ಕಂಪನಿ. 2011 ಆಗಬಹುದು, 2016 ಆಗಬಹುದು. ಸುಗ್ಗಿ ತುಂಬಾ ಚೆನ್ನಾಗಿ ಬಂದ ವರ್ಷವನ್ನು ಮಾತ್ರ ಕಂಪನಿಗಳು ವಿಂಟೇಜ್ ಎಂದು ಘೋಷಿಸುತ್ತವೆ, ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಮೂರು ಸಲ. 2016 ಮತ್ತು 2017 ಎರಡನ್ನೂ ಬೆನ್ನುಬೆನ್ನಿಗೆ ಬಹಳಷ್ಟು ಕಂಪನಿಗಳು ಘೋಷಿಸಿದ್ದು ಅಪರೂಪದ ಸಂಗತಿ. ಮೂರು ಕಂಪನಿಯ 2016, ಅದೇ ಮೂರರ 2017 ಇಟ್ಟು 'ವರ್ಷ ಬೇರ್ಪಡಿಸಿ' ಅಂದರೆ ತಲೆ ಕೆರೆದುಕೊಳ್ಳುವಂಥ ಪ್ರಶ್ನೆ. ಇನ್ನೊಂದು ಹಳೆಯ ಜಗಳ 1991 ಮತ್ತು 1992ರದ್ದು. ಗ್ರಹಾಮ್ಸ್, ಡೌಸ್, ವಾರ್ಸ್ 1991 ಘೋಷಿಸಿದರೆ, ಟೇಲರ್ಸ್ ಮತ್ತು ಫೊನ್ಸೇಕಾ 1992ನ್ನು ಆರಿಸಿಕೊಂಡವು. ಬಾಟಲಿ ಸಿಕ್ಕರೆ ಆ ವಾದವನ್ನು ನಿಮ್ಮ ಮೇಜಿನ ಮೇಲೇ ಇತ್ಯರ್ಥ ಮಾಡಬಹುದು.

ಹಂತ 2: ಜನ, ಬಾಟಲಿ, ಲೆಕ್ಕ

ಎಂಟು ಜನ, ಆರು ವೈನ್. ನನಗೆ ಇದೇ ಸರಿ ಅನ್ನಿಸಿದೆ. ಎಂಟನ್ನು ದಾಟಿದರೆ ಮೇಜಿನಲ್ಲಿ ಎರಡು ಗುಂಪಾಗುತ್ತದೆ. ವೈನ್ ಆರು ದಾಟಿದರೆ ಸಿಹಿಗೆ ನಾಲಿಗೆ ದಣಿಯುತ್ತದೆ. ಪೋರ್ಟಿನಲ್ಲಿ ಲೀಟರಿಗೆ ಸಾಧಾರಣ 100 ಗ್ರಾಂ ಸಕ್ಕರೆ ಇರುತ್ತದೆ, ಮರೆಯಬೇಡಿ.

ಒಬ್ಬರಿಗೆ ಒಂದು ವೈನಿನಿಂದ 50 ಮಿಲಿ ಸಾಕು. ಎಂಟು ಜನಕ್ಕೆ 400 ಮಿಲಿ ಆಯಿತು. 750 ಮಿಲಿ ಬಾಟಲಿಯಲ್ಲಿ ಗಷ್ಟಿಗೆ ಒಂದಿಷ್ಟು ಹೋದರೂ ಎರಡನೇ ಸಲ ಸುರಿಯಲು ಉಳಿಯುತ್ತದೆ. ಹನ್ನೆರಡು ಜನ ಬಂದರೂ ಒಂದೇ ಬಾಟಲಿಯಲ್ಲಿ ಮುಗಿಸಬಹುದು, ಆದರೆ ಮತ್ತೊಮ್ಮೆ ಕೇಳಿದವರಿಗೆ ಇರುವುದಿಲ್ಲ.

ಆಲ್ಕೋಹಾಲಿನ ಲೆಕ್ಕವನ್ನೂ ಹಾಕಿ. ಆರು ಗ್ಲಾಸು 50 ಮಿಲಿಯಂತೆ ಪೂರ್ತಿ ನುಂಗಿದರೆ 300 ಮಿಲಿ ಪೋರ್ಟ್. ಅದರಲ್ಲಿ ಬರೀ ಆಲ್ಕೋಹಾಲೇ 60 ಮಿಲಿ. ಮಾಮೂಲಿ ವೈನಿನ ಅರ್ಧ ಬಾಟಲಿಗಿಂತ ಜಾಸ್ತಿ. ಅದಕ್ಕೇ ಉಗುಳುವ ಪಾತ್ರೆ ಇಡಲೇಬೇಕು. ನಮ್ಮ ಭಾಷೆಯಲ್ಲಿ ಪೀಕದಾನಿ ಎಂಬ ಒಳ್ಳೆಯ ಪದವೇ ಇದೆ, ನಾಚಿಕೊಳ್ಳುವುದು ಯಾಕೆ? ಇಬ್ಬರಿಗೆ ಒಂದರಂತೆ, ಒಳಗೆ ಕಾಣದ ಬಣ್ಣದ ಪಾತ್ರೆ ಇಡಿ. ಮೊದಲು ನೀವೇ ಉಗುಳಿ ತೋರಿಸಿದರೆ ಉಳಿದವರ ಸಂಕೋಚ ಹೋಗುತ್ತದೆ. ಗಾಡಿ ಓಡಿಸಿಕೊಂಡು ಬರಬೇಡಿ ಎಂದು ಆಹ್ವಾನದಲ್ಲೇ ಹೇಳಿಬಿಡಿ. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ.

ಬಾಟಲಿಗಳನ್ನು ಒಬ್ಬರೇ ಕೊಂಡುತಂದು ಖರ್ಚು ಹಂಚಿಕೊಳ್ಳುವುದು ಒಳ್ಳೆಯದು. 'ಒಬ್ಬೊಬ್ಬರು ಒಂದೊಂದು ತನ್ನಿ' ಅಂದರೆ ಪ್ರತಿಯೊಬ್ಬರಿಗೂ ತಮ್ಮದು ಯಾವುದು ಎಂದು ಹುಡುಕುವ ಚಪಲ. ಸಿಕ್ಕಿತು ಅನ್ನಿಸಿದ ಕೂಡಲೇ ಅದರ ಪರ ವಕಾಲತ್ತು ಶುರು. ಸಾಧ್ಯವಾದರೆ ಏಳನೇ ಬಾಟಲಿಯೊಂದು ಪಕ್ಕದಲ್ಲಿರಲಿ. ಕಾರ್ಕ್ ಕೆಟ್ಟು ಒದ್ದೆ ರಟ್ಟಿನ ವಾಸನೆ ಹೊಡೆಯುವ ವೈನ್ ಎಷ್ಟೇ ದೊಡ್ಡ ಕಂಪನಿಯದ್ದಾದರೂ ಸಿಗಬಹುದು.

ಟಾನಿ ಕೊಳ್ಳುವಾಗ ಬಾಟಲಿಗೆ ತುಂಬಿದ ವರ್ಷ ನೋಡಿ. ಟಾನಿ ಬಾಟಲಿಯೊಳಗೆ ಬೆಳೆಯುವುದಿಲ್ಲ, ತಾಜಾತನ ಕಳೆದುಕೊಳ್ಳುತ್ತದೆ ಅಷ್ಟೆ. ಒಂದು ಕಳೆದ ವರ್ಷ ತುಂಬಿದ್ದು, ಇನ್ನೊಂದು ಅಂಗಡಿಯಲ್ಲಿ ಹತ್ತು ವರ್ಷ ಕೂತಿದ್ದು ಎಂದಾದರೆ ಹೋಲಿಕೆಗೆ ಅರ್ಥವಿಲ್ಲ.

ಹಂತ 3: ನಿಲ್ಲಿಸಿ, ತೆರೆದು, ಸೋಸಿ

ಕೆಲಸ ಜಾಸ್ತಿ ಇರುವುದು ಇಲ್ಲೇ. ವಿಂಟೇಜ್ ಪೋರ್ಟನ್ನು ಸೋಸದೆ ಬಾಟಲಿಗೆ ತುಂಬುತ್ತಾರೆ. ವರ್ಷಗಳು ಕಳೆದಂತೆ ಬಣ್ಣ, ಒಗರಿನ ಅಂಶ ಎಲ್ಲ ಕೂಡಿ ಗಟ್ಟಿಯಾಗಿ ಬಾಟಲಿಯ ಒಂದು ಮಗ್ಗುಲಿಗೆ ಅಂಟುತ್ತವೆ. ಹಳೆಯ ಬಾಟಲಿಗಳ ಮೇಲೆ ಬಿಳಿ ಬಣ್ಣದ ಗೆರೆಯೊಂದು ಬಳಿದಿರುವುದನ್ನು ಕೆಲವರು ನೋಡಿರಬಹುದು. ಮಲಗಿಸುವಾಗ ಈ ಮಗ್ಗುಲು ಮೇಲಿರಲಿ ಎನ್ನುವ ಗುರುತು ಅದು. ಜಾಗ ಬದಲಿಸಿದಾಗಲೂ ಗಷ್ಟು ತನ್ನ ಮಗ್ಗುಲಲ್ಲೇ ಉಳಿಯಲಿ ಎಂದು.

ಟೇಸ್ಟಿಂಗಿಗೆ ಒಂದು ದಿನ ಮುಂಚೆ, ತುಂಬಾ ಹಳೆಯದಾದರೆ ಎರಡು ಮೂರು ದಿನ ಮುಂಚೆಯೇ, ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ. ಆಮೇಲೆ ಮುಟ್ಟಬೇಡಿ.

ಹಳೆಯ ಕಾರ್ಕ್ ಪುಡಿಯಾಗುವುದು ಮಾಮೂಲು. ಮಾಮೂಲಿ ತಿರುಪಿಗಿಂತ ಎರಡು ತೆಳು ಅಲಗಿನ ಕಾರ್ಕ್ ಕೀಳುವ ಸಾಧನ ಒಳ್ಳೆಯದು. ಅಲಗುಗಳನ್ನು ಕಾರ್ಕ್ ಮತ್ತು ಗಾಜಿನ ನಡುವೆ ಅತ್ತ ಇತ್ತ ಅಲುಗಿಸುತ್ತಾ ಇಳಿಸಿ, ತಿರುಗಿಸುತ್ತಾ ಎಳೆಯಬೇಕು. ಪೋರ್ಟ್ ಇಕ್ಕಳ ಅಂತ ಒಂದಿದೆ. ಅದನ್ನು ಕೆಂಪಗೆ ಕಾಯಿಸಿ, ಬಾಟಲಿಯ ಕತ್ತಿಗೆ ಹಿಡಿದು, ಆಮೇಲೆ ಒದ್ದೆ ಬಟ್ಟೆ ಒತ್ತಿದರೆ ಗಾಜು ಕಾರ್ಕ್ ಸಮೇತ ನೀಟಾಗಿ ಕತ್ತರಿಸಿಕೊಳ್ಳುತ್ತದೆ. ನೋಡಲು ಭಾರೀ ಚೆಂದ. ಆದರೆ ಆರು ಬಾಟಲಿ ತೆರೆಯುವ ಧಾವಂತದಲ್ಲಿ ಈ ಸರ್ಕಸ್ ಬೇಡ. ಕಾರ್ಕಿನ ಪುಡಿ ಒಳಗೆ ಬಿದ್ದರೆ ಸೋಸಿದರಾಯಿತು.

ಡಿಕ್ಯಾಂಟರುಗಳನ್ನು, ಅಂದರೆ ಗಷ್ಟು ಬಿಟ್ಟು ವೈನ್ ಸುರಿದಿಡುವ ಗಾಜಿನ ಹೂಜಿಗಳನ್ನು, ಮೊದಲೇ ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿ, ಒಮ್ಮೆ ಮೂಗಿಟ್ಟು ನೋಡಿ. ಸೋಪಿನ ಅಥವಾ ಕಪಾಟಿನ ವಾಸನೆ ಇದ್ದರೆ ಆರು ವೈನಿಗೂ ಅದೇ ವಾಸನೆ. ಆಮೇಲೆ ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿ ಅಥವಾ ಟಾರ್ಚ್ ಇಟ್ಟು, ಒಂದೇ ಸಮನೆ, ನಡುವೆ ನಿಲ್ಲಿಸದೆ ಸುರಿಯಿರಿ. ನಿಲ್ಲಿಸಿದರೆ ಒಳಗೆ ಅಲೆ ಎದ್ದು ಗಷ್ಟು ಕದಡುತ್ತದೆ. ಬೆಳಕಿನಲ್ಲಿ ಕಪ್ಪು ಎಳೆ ಕತ್ತಿನ ಕಡೆಗೆ ಬರುವುದು ಕಂಡ ತಕ್ಷಣ ನಿಲ್ಲಿಸಿ. ಉಳಿದ ಕೊನೆಯ ಸ್ವಲ್ಪವನ್ನು ತೆಳ್ಳನೆ ಮಲ್ ಬಟ್ಟೆಯಲ್ಲಿ ಸೋಸಿ ಬೇರೆ ಲೋಟಕ್ಕೆ ಹಾಕಿಡಿ. ಅದು ಆತಿಥೇಯರ ಪಾಲು.

ಎಷ್ಟು ಹೊತ್ತು ಮುಂಚೆ ಸೋಸಬೇಕು ಎನ್ನುವುದರ ಬಗ್ಗೆ ಜಗಳ ಮುಗಿಯುವುದಿಲ್ಲ. ಎಳೆಯ ವಿಂಟೇಜನ್ನು ನಾನು ನಾಲ್ಕೈದು ಗಂಟೆ ಮುಂಚೆ ಸೋಸುತ್ತೇನೆ. ನಲವತ್ತು ವರ್ಷ ದಾಟಿದ್ದಾದರೆ ಒಂದು ಗಂಟೆ ಸಾಕು. ಅದರ ಘಮ ಗಾಳಿಯಲ್ಲಿ ಬೇಗ ಹಾರಿಹೋಗಬಹುದು. ಎಲ್‌ಬಿವಿಯಲ್ಲಿ ಬಾಟಲಿಗೆ ತುಂಬುವ ಮುಂಚೆಯೇ ಸೋಸಿದ್ದೂ ಇದೆ, ಸೋಸದ್ದೂ ಇದೆ. ಟಾನಿಗೆ ಸೋಸುವ ಅಗತ್ಯವೇ ಇಲ್ಲ. ಆದರೂ ಬ್ಲೈಂಡ್ ಟೇಸ್ಟಿಂಗಿನಲ್ಲಿ ಒಂದು ಡಿಕ್ಯಾಂಟರಿಗೆ ಹೋದರೆ ಎಲ್ಲವೂ ಹೋಗಬೇಕು. ಇಲ್ಲದಿದ್ದರೆ ಅದೇ ಒಂದು ಸುಳಿವು.

ಡಿಕ್ಯಾಂಟರ್ ಸಾಲದಿದ್ದರೆ? ಒಂದೇ ಆಕಾರದ ಖಾಲಿ ಬಾಟಲಿಗಳನ್ನು ಕೂಡಿಟ್ಟುಕೊಳ್ಳಿ, ಲೇಬಲ್ ನೆನೆಸಿ ಕಿತ್ತುಹಾಕಿ. ನಾನು ಈಗ ಹಾಗೇ ಮಾಡುವುದು. ಡಿಕ್ಯಾಂಟರಿಗಿಂತ ಅಗ್ಗ, ಫ್ರಿಜ್ಜಿನಲ್ಲೂ ನಿಲ್ಲುತ್ತವೆ.

ಹಂತ 4: ಅಡಗಿಸುವುದು

ಕಾಗದದ ಚೀಲ ಸಾಲದು. ವಯಸ್ಸಾದ ಟಾನಿ ಕೆಲವೊಮ್ಮೆ ಬಣ್ಣವಿಲ್ಲದ ಗಾಜಿನಲ್ಲಿ ಬರುತ್ತದೆ. ಗ್ರಹಾಮ್ಸ್ ಸಿಕ್ಸ್ ಗ್ರೇಪ್ಸ್‌ನಂಥ ಬಾಟಲಿಯ ಆಕಾರ ಚೀಲದೊಳಗಿಂದಲೂ ಗೊತ್ತಾಗುತ್ತದೆ. ಕತ್ತಿನ ಮೇಲೆ ಪೋರ್ಟ್ ಸಂಸ್ಥೆಯ ಖಾತ್ರಿ ಪಟ್ಟಿ ಇರುತ್ತದೆ, ಮೇಣದ ಮುಚ್ಚಳದ ಚೂರು ಬಿದ್ದಿರುತ್ತದೆ. ಅದಕ್ಕೇ ವೈನ್ ಬೇರೆ ಪಾತ್ರೆಗೆ ಹೋಗಲಿ. ಖಾಲಿ ಬಾಟಲಿ, ಕಾರ್ಕ್, ಹಾಳೆ ಎಲ್ಲ ಒಂದು ಡಬ್ಬಕ್ಕೆ ಹೋಗಲಿ. ಡಬ್ಬ ಬೇರೆ ಕೋಣೆಗೆ ಹೋಗಲಿ. ಈಗ ನಾನು ಕಾರ್ಕ್‌ಗಳನ್ನು ಎಣಿಸಿಯೇ ಡಬ್ಬ ಮುಚ್ಚುತ್ತೇನೆ.

ಇನ್ನು ಅಂಕಿ ಹಾಕುವುದು. ಸುರಿದವರಿಗೇ ಎಲ್ಲ ಗೊತ್ತಿದ್ದರೆ ಅವರ ಮುಖ ನೋಡಿಯೇ ಜನ ಊಹಿಸುತ್ತಾರೆ. ನೀವೂ ಮೇಜಿನಲ್ಲಿ ಕೂತು ಸವಿಯಬೇಕು ಅಂತಿದ್ದರೆ ಇಬ್ಬರು ಸೇರಿ ಮಾಡುವ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ.

ಮೊದಲು ನೀವು ಆರು ವೈನನ್ನೂ ಒಂದೇ ಥರದ ಪಾತ್ರೆಗಳಿಗೆ ಸುರಿದು ಕ, ಖ, ಗ, ಘ, ಚ, ಛ ಎಂದು ಚೀಟಿ ಅಂಟಿಸಿ. ಯಾವ ಅಕ್ಷರ ಯಾವ ವೈನ್ ಎಂದು ಬರೆದು ಲಕೋಟೆಯಲ್ಲಿಡಿ. ನೀವು ಹೊರಗೆ ಹೋಗಿ. ಈಗ ನಿಮ್ಮ ಜೊತೆಗಾರರು ಒಳಗೆ ಬಂದು, ಚೀಟಿ ಎತ್ತಿ, ಅಕ್ಷರದ ಜಾಗದಲ್ಲಿ 1ರಿಂದ 6ರವರೆಗೆ ಅಂಕಿ ಅಂಟಿಸಲಿ. ಅವರ ಪಟ್ಟಿ ಇನ್ನೊಂದು ಲಕೋಟೆಗೆ. ಎರಡೂ ಲಕೋಟೆ ತೆರೆಯುವ ತನಕ ಯಾವ ಅಂಕಿ ಯಾವ ವೈನ್ ಎಂದು ಲೋಕದಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಬಂದವರಿಗೆ ಎಷ್ಟು ಹೇಳಬೇಕು? 'ಆರೂ ಎಲ್‌ಬಿವಿ, ಈ ಆರು ಕಂಪನಿಗಳದ್ದು' ಎಂದು ಪಟ್ಟಿ ಕೊಟ್ಟರೆ ಅರ್ಧ ಕುರುಡು. ಏನೂ ಹೇಳದಿದ್ದರೆ ಪೂರ್ತಿ ಕುರುಡು. ಪಟ್ಟಿ ಕೊಡುವುದೇ ನನಗೆ ಇಷ್ಟ. ಪೂರ್ತಿ ಕುರುಡು ಆಟ ಕೇಳಲು ರೋಮಾಂಚಕ. ಆದರೆ ಗುರಿಯೇ ಇಲ್ಲದ ಊಹೆಗೆ ಜನ ಬೇಗ ಬೇಸರಪಡುತ್ತಾರೆ.

ಒಂದು ತುಂಟತನಕ್ಕೆ ಮಾತ್ರ ಅವಕಾಶ ಇರಲಿ. ಒಂದೇ ವೈನನ್ನು ಎರಡು ಅಂಕಿಗಳಲ್ಲಿ ಇಡುವುದು. ಅದಕ್ಕೆ ಆ ವೈನಿನ ಎರಡು ಬಾಟಲಿ ಬೇಕು. ಎರಡನ್ನೂ ದೊಡ್ಡ ಜಾಡಿಯಲ್ಲಿ ಬೆರೆಸಿ, ಆಮೇಲೆ ಎರಡು ಪಾತ್ರೆಗೆ ಹಂಚಿ. ಇಲ್ಲದಿದ್ದರೆ ಬಾಟಲಿ ಬಾಟಲಿಗೆ ಇರುವ ವ್ಯತ್ಯಾಸವೇ ನೆಪ ಆಗುತ್ತದೆ. 'ಇವುಗಳಲ್ಲಿ ಎರಡು ಒಂದೇ ಇರಬಹುದು, ಇಲ್ಲದೆಯೂ ಇರಬಹುದು' ಎಂದು ಮೊದಲೇ ಹೇಳಿ. ಹೇಳದೆ ಮಾಡಿದರೆ ಕೆಲವರು ಮುನಿಸಿಕೊಳ್ಳುತ್ತಾರೆ.

ಹಂತ 5: ಕೋಣೆ, ಗ್ಲಾಸು, ತಂಪು

ಪೋರ್ಟೊ ಊರಿನಲ್ಲಿ ಬ್ರಿಟಿಷ್ ಪೋರ್ಟ್ ವ್ಯಾಪಾರಿಗಳ ಫ್ಯಾಕ್ಟರಿ ಹೌಸ್ ಎಂಬ ಹದಿನೆಂಟನೇ ಶತಮಾನದ ಕಟ್ಟಡ ಇದೆ. ಅಲ್ಲಿ ಊಟದ ಕೋಣೆಯ ಪಕ್ಕದಲ್ಲೇ ಇನ್ನೊಂದು ಕೋಣೆ. ಊಟ ಮುಗಿದ ಮೇಲೆ ಎಲ್ಲರೂ ಎದ್ದು ಆ ಕೋಣೆಗೆ ಹೋಗಿ ಕೂರುತ್ತಾರೆ. ಅಡುಗೆಯ ವಾಸನೆ ಪೋರ್ಟಿನ ಘಮಕ್ಕೆ ಅಡ್ಡ ಬರಬಾರದು ಎಂದು ಇಷ್ಟೆಲ್ಲ. ಅವರ ಬುಧವಾರದ ಊಟದಲ್ಲಿ ಹೆಸರು ಹೇಳದೆ ಪೋರ್ಟ್ ಸುತ್ತಿಸಿ, ಕಂಪನಿಯನ್ನೂ ವರ್ಷವನ್ನೂ ಊಹಿಸುವ ಆಟ ಹಳೆಯ ರೂಢಿ. ನಮಗೆ ಎರಡು ಕೋಣೆ ಬೇಕಿಲ್ಲ. ಒಗ್ಗರಣೆ, ಅಗರಬತ್ತಿ, ಸೆಂಟು, ಹೂವು ಇರದ ಒಂದೇ ಕೋಣೆ ಸಾಕು. ಸೆಂಟು ಬೇಡ ಎಂದು ಆಹ್ವಾನದಲ್ಲಿ ಬರೆಯಲು ಮರೆಯಬೇಡಿ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಬಣ್ಣ ಸರಿಯಾಗಿ ಕಾಣಲಿ.

ಲಿಕ್ಯೂರ್ ಕುಡಿಯುವ ಪುಟ್ಟ ಲೋಟದಲ್ಲಿ ಪೋರ್ಟ್ ಕೊಡುವ ಅಭ್ಯಾಸ ಬಿಡಿ. ಅದರಲ್ಲಿ ಮೂಗಿಗೆ ಜಾಗವಿಲ್ಲ. ಟ್ಯೂಲಿಪ್ ಆಕಾರದ ಸಾಧಾರಣ ವೈನ್ ಗ್ಲಾಸು ಆಗುತ್ತದೆ. ಪೋರ್ಟಿಗೆಂದೇ ಪೋರ್ಚುಗಲ್‌ನ ವಾಸ್ತುಶಿಲ್ಪಿ ಆಲ್ವಾರೊ ಸೀಜಾ ರೂಪಿಸಿದ ಗ್ಲಾಸೂ ಇದೆ, ಅದರ ಕಾಲಿನಲ್ಲಿ ಹೆಬ್ಬೆರಳಿಗೊಂದು ತಗ್ಗು. ಚೆಂದವೇನೋ ಹೌದು. ಮುಖ್ಯ ಮಾತ್ರ ಎಲ್ಲರ ಎಲ್ಲ ಗ್ಲಾಸೂ ಒಂದೇ ಥರ ಇರುವುದು. ಎಂಟು ಜನಕ್ಕೆ ಆರರಂತೆ 48 ಗ್ಲಾಸು ಬೇಕು. ಅಷ್ಟಿಲ್ಲದಿದ್ದರೆ ಮೂರು ಮೂರರಂತೆ ಎರಡು ಸುತ್ತು ಮಾಡಿ, ಪ್ರತಿ ಸುತ್ತಿನಿಂದ ಮುಂದೆ ಬಂದವನ್ನು ಕೊನೆಗೆ ಒಟ್ಟಿಗಿಡಿ.

ಕೆಂಪು ಪೋರ್ಟ್ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ, ಟಾನಿ 12ರಿಂದ 16. ಬಿಸಿಯಾದರೆ ಸ್ಪಿರಿಟ್ ಮೂಗಿಗೆ ಹೊಡೆಯುತ್ತದೆ. ಗ್ಲಾಸಿಗೆ ಬಿದ್ದ ಮೇಲೆ ಹೇಗೂ ಬಿಸಿ ಏರುತ್ತದೆ, ಹಾಗಾಗಿ ಒಂದೆರಡು ಡಿಗ್ರಿ ತಂಪಾಗಿಯೇ ಶುರು ಮಾಡಿ.

ತಿನ್ನಲು ಉಪ್ಪು, ಬೆಣ್ಣೆ ಇಲ್ಲದ ಬ್ರೆಡ್ಡು, ಕುಡಿಯಲು ನೀರು, ಅಷ್ಟೆ. ಸ್ಟಿಲ್ಟನ್ ಚೀಸ್, ವಾಲ್‌ನಟ್, ಚಾಕೊಲೇಟ್ ಎಲ್ಲ ಮುಚ್ಚಿಡಿ. ಚೀಸ್ ತಿಂದ ಬಾಯಿಗೆ ಒಗರು ಪೋರ್ಟ್ ಕೂಡ ನಯವಾಗಿಬಿಡುತ್ತದೆ.

ಹಂತ 6: ಬರೆಯುವ ಹಾಳೆ

ನೂರು ಅಂಕದ ಪದ್ಧತಿ ಬೇಡ. ಒಬ್ಬರ 88 ಇನ್ನೊಬ್ಬರ 93 ಆಗಿರುತ್ತದೆ. ಕೈ ಬಿಚ್ಚಿ ಅಂಕ ಕೊಡುವವರ ಮಾತೇ ಕೊನೆಗೆ ಗೆಲ್ಲುತ್ತದೆ. ಒಂದರಿಂದ ಆರರವರೆಗೆ ಸ್ಥಾನ ಕೊಡಿ ಎನ್ನಿ, ಎಲ್ಲರ ತೂಕವೂ ಸಮ ಆಗುತ್ತದೆ.

ಹಾಳೆಯಲ್ಲಿ ಪ್ರತಿ ವೈನಿಗೂ ಬಣ್ಣ, ಘಮ, ಬಾಯಲ್ಲಿ ಅನ್ನಿಸಿದ್ದು, ನುಂಗಿದ ಅಥವಾ ಉಗುಳಿದ ಮೇಲೆ ಎಷ್ಟು ಹೊತ್ತು ಉಳಿಯಿತು, ಇಷ್ಟಕ್ಕೆ ಜಾಗ ಸಾಕು. ಕೊನೆಗೆ ಎರಡು ಬೇರೆ ಬೇರೆ ಸಾಲು: 'ನನಗೆ ಎಷ್ಟನೇ ಸ್ಥಾನ' ಮತ್ತು 'ಇದು ಯಾವುದಿರಬಹುದು'. ಇವೆರಡನ್ನೂ ಬೆರೆಸಬೇಡಿ. ಮೊದಲು ಸ್ಥಾನ ಬರೆಸಿ, ಹಾಳೆ ಮಡಚಿಸಿ, ಆಮೇಲೆ ಊಹೆ ಬರೆಸಿ. ಹೆಸರು ಊಹಿಸಿದವರು ಮರುಕ್ಷಣವೇ ಆ ಹೆಸರಿಗೆ ತಕ್ಕಂತೆ ಸ್ಥಾನ ತಿದ್ದುವುದನ್ನು ಕಣ್ಣಾರೆ ಕಂಡಿದ್ದೇನೆ.

ಮಾತಿಗೆ ತಡಕಾಡುವವರಿಗೆ ಧೈರ್ಯ ಹೇಳಿ. ಪುಸ್ತಕದ ಪದ ಬೇಕಿಲ್ಲ. ಒಗರು ಎನ್ನುವ ಪದ ಕನ್ನಡದಲ್ಲಿ ಹುಟ್ಟಿನಿಂದಲೇ ಇದೆ. ಟ್ಯಾನಿನ್ ಬಗ್ಗೆ ಪುಟಗಟ್ಟಲೆ ಓದಿದವರಿಗಿಂತ ನೇರಳೆ ಹಣ್ಣು ತಿಂದ ನಾಲಿಗೆಗೆ ಅದು ಚೆನ್ನಾಗಿ ಗೊತ್ತು. ಟಾನಿಯಲ್ಲಿ ಸುಟ್ಟ ಸಕ್ಕರೆ, ಒಣ ಅಂಜೂರ, ಕಿತ್ತಳೆ ಸಿಪ್ಪೆ, ಹುರಿದ ಬಾದಾಮಿ ಹುಡುಕಿ. ಎಳೆಯ ವಿಂಟೇಜಿನಲ್ಲಿ ಕಪ್ಪು ಹಣ್ಣು, ಮೆಣಸು, ಕೆಲವೊಮ್ಮೆ ಹೂವಿನ ಘಮ. ಅದು ಬಹಳ ಸಲ ಟೂರಿಗಾ ನಾಸಿಯೊನಾಲ್ ದ್ರಾಕ್ಷಿಯ ಗುರುತು.

ಹಂತ 7: ಸವಿಯುವ ಹೊತ್ತು

ಮೊದಲ ಇಪ್ಪತ್ತು ನಿಮಿಷ ಮೌನ. ಇದು ಗಟ್ಟಿ ನಿಯಮ. ದೊಡ್ಡ ದನಿಯವರೊಬ್ಬರು 'ಮೂರನೆಯದು ಕೆಟ್ಟಿದೆ' ಅಂದುಬಿಟ್ಟರೆ ಆಮೇಲೆ ಎಂಟು ಹಾಳೆಯಲ್ಲೂ ಮೂರನೆಯದು ಕೆಡುತ್ತದೆ. ಹುಬ್ಬು ಹಾರಿಸುವುದು, ನಿಟ್ಟುಸಿರು ಬಿಡುವುದು ಕೂಡ ಮಾತೇ.

ಎಲ್ಲರೂ ಒಂದರಿಂದಲೇ ಶುರು ಮಾಡುವುದೂ ಬೇಡ. ಹಸಿದ ನಾಲಿಗೆಗೆ ಮೊದಲು ಬಿದ್ದದ್ದು ಅನುಕೂಲ ಪಡೆಯುತ್ತದೆ, ಕೊನೆಯದಕ್ಕೆ ದಣಿದ ಬಾಯಿ ಸಿಗುತ್ತದೆ. ಒಬ್ಬರು 1ರಿಂದ, ಪಕ್ಕದವರು 2ರಿಂದ, ಹೀಗೆ ಸುತ್ತಿ ಬರಲಿ. ಮೊದಲ ಸುತ್ತು ಬರೀ ಮೂಗು. ಆರನ್ನೂ ಮೂಸಿ, ಬರೆದು, ಆಮೇಲೆ ಬಾಯಿಗೆ. ಘಮದಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ, ನಾಲಿಗೆಯೂ ದಣಿಯುವುದಿಲ್ಲ.

ಬಣ್ಣ ನೋಡುವಾಗ ಗ್ಲಾಸನ್ನು ಬಿಳಿ ಹಾಳೆಯ ಮೇಲೆ ವಾಲಿಸಿ ಅಂಚು ನೋಡಿ. ಎಳೆಯ ವಿಂಟೇಜ್ ಅಂಚಿನವರೆಗೂ ನೇರಳೆ ಬಣ್ಣ, ಹಿಂದಿಟ್ಟ ಅಕ್ಷರ ಕಾಣುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಕಳೆದರೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಟಾನಿ ಹಳೆಯದಾದಷ್ಟೂ ಜೇನಿನ ಬಣ್ಣ, ತುಂಬಾ ಹಳೆಯದರ ಅಂಚಿನಲ್ಲಿ ಹಸಿರು ಛಾಯೆ. ಆ ಹಸಿರು ಕಂಡರೆ ಊಹೆಯನ್ನು 30, 40 ವರ್ಷದ ಕಡೆಗೆ ಧೈರ್ಯವಾಗಿ ಒಯ್ಯಬಹುದು.

ಕಂಪನಿ ಊಹಿಸುವವರಿಗೆ ಕೆಲವು ಹಿಡಿಗಳಿವೆ. ಡೌಸ್ ಉಳಿದವಕ್ಕಿಂತ ಸಿಹಿ ಕಡಿಮೆ ಎನ್ನುವ ಹೆಸರು ಪಡೆದಿದೆ. ಗ್ರಹಾಮ್ಸ್ ಸಿಹಿ, ತುಂಬು ಮೈ. ಫೊನ್ಸೇಕಾದಲ್ಲಿ ಹಣ್ಣಿನ ಧಾರಾಳ. ಟೇಲರ್ಸ್ ಬಿಗಿ, ಮಾಗಲು ಹೊತ್ತು ಬೇಕು. ಇದು ವಿಂಟೇಜಿಗೆ ಹೊಂದುವಷ್ಟು ಎಲ್‌ಬಿವಿಗೆ ಹೊಂದುವುದಿಲ್ಲ. ಇದನ್ನೇ ನಂಬಿ ಕೂತು ನಾನು ಆರಕ್ಕೆ ಒಂದೂ ಸರಿ ಹೇಳದ ದಿನಗಳಿವೆ.

ಮತ್ತೊಮ್ಮೆ ಬೇಕು ಎಂದವರಿಗೆ ಪಾತ್ರೆಗಳನ್ನು ಎಡಕ್ಕೆ ಸಾಗಿಸಿ. ಪೋರ್ಟ್ ಎಡಕ್ಕೇ ಹೋಗಬೇಕು ಎನ್ನುವುದು ಇಂಗ್ಲೆಂಡಿನ ಹಳೆಯ ಶಿಷ್ಟಾಚಾರ. ಯಾರಾದರೂ ಮುಂದೆ ಕಳಿಸದೆ ತಮ್ಮ ಬಳಿಯೇ ಇಟ್ಟುಕೊಂಡರೆ 'ನಾರ್ವಿಚ್‌ನ ಬಿಷಪ್ ನಿಮಗೆ ಪರಿಚಯವೇ?' ಎಂದು ಅಲ್ಲಿ ಕೇಳುತ್ತಾರೆ, ಪಾತ್ರೆ ಮುಂದೆ ಕಳಿಸಿ ಎನ್ನುವ ಸೂಚನೆ ಅದು. ಒಂದು ಸಲ ಅರ್ಥ ಹೇಳಿಕೊಟ್ಟರೆ ನಿಮ್ಮ ಗುಂಪಿನವರೂ ಕೇಳಲು ಶುರು ಮಾಡುತ್ತಾರೆ.

ಹಂತ 8: ಎಣಿಕೆ

ಪ್ರತಿ ವೈನಿಗೆ ಎಂಟೂ ಜನ ಕೊಟ್ಟ ಸ್ಥಾನ ಕೂಡಿಸಿ. ಕಡಿಮೆ ಬಂದದ್ದು ಮೇಲು. ಎಲ್ಲರೂ ಮೊದಲ ಸ್ಥಾನ ಕೊಟ್ಟರೆ 8, ಎಲ್ಲರೂ ಕೊನೆಯ ಸ್ಥಾನ ಕೊಟ್ಟರೆ 48. ಯಾರಿಗೂ ವ್ಯತ್ಯಾಸವೇ ಗೊತ್ತಾಗದಿದ್ದರೆ ಎಲ್ಲವೂ 28ರ ಸುತ್ತಮುತ್ತ ಬರುತ್ತವೆ. ಹಾಗಾಗಿ 26 ಬಂದ ವೈನ್ 29 ಬಂದದ್ದನ್ನು ಸೋಲಿಸಿತು ಎಂದು ಚಪ್ಪಾಳೆ ತಟ್ಟಬೇಡಿ, ಅದು ಗಾಳಿಯ ಮಾತು. ಒಂದು ವೈನ್ 18ಕ್ಕಿಂತ ಕೆಳಗೆ ಬಂದರೆ ಅಥವಾ 38 ದಾಟಿದರೆ ಗುಂಪು ನಿಜಕ್ಕೂ ಏನೋ ಹೇಳುತ್ತಿದೆ.

ಎರಡೇ ವೈನ್ ನಡುವೆ ವಾದ ಬಂದರೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಎಂದು ಹೇಳಬೇಕು. ಸುಮ್ನೆ ಊಹಿಸಿದರೂ ಮೂವರಲ್ಲಿ ಒಬ್ಬರಿಗೆ ಸರಿಯಾಗುತ್ತದೆ. ಎಂಟರಲ್ಲಿ ಆರು ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಎಂದು ನಂಬಬಹುದು. ಬರೀ ಅದೃಷ್ಟದಿಂದ ಆರು ಅಥವಾ ಜಾಸ್ತಿ ಬರುವ ಸಂಭವ ನೂರಕ್ಕೆ ಎರಡು.

ಹಂತ 9: ಮುಸುಕು ತೆಗೆಯುವುದು

ಒಟ್ಟಿಗೆ ಎಲ್ಲ ಹೇಳಿಬಿಡಬೇಡಿ. ಕೊನೆಯ ಸ್ಥಾನದಿಂದ ಮೇಲಕ್ಕೆ ಬನ್ನಿ. ಪ್ರತಿ ವೈನಿಗೂ ಅದನ್ನು ಅತಿ ಹೆಚ್ಚು ಮೆಚ್ಚಿದವರು ಮತ್ತು ಮೆಚ್ಚದವರು ಒಂದೊಂದು ಮಾತಾಡಲಿ, ಆಮೇಲೆ ಬಾಟಲಿ ಒಳಗೆ ಬರಲಿ. ತಪ್ಪು ಹೇಳಿದವರನ್ನು ಅಣಕಿಸುವವರಿಗೆ ಮುಂದಿನ ಸಲ ಆಹ್ವಾನ ಇಲ್ಲ ಎಂದು ನಗುತ್ತಲೇ ಹೇಳಿಬಿಡಿ.

ಇನ್ನೂ ಉತ್ಸಾಹ ಇದ್ದರೆ ಆಸ್ಟ್ರೇಲಿಯಾದ ಲೆನ್ ಇವಾನ್ಸ್ ಕಟ್ಟಿದ 'ಆಪ್ಶನ್ಸ್' ಆಟ ಆಡಿಸಿ. ಎಲ್ಲರೂ ನಿಂತುಕೊಳ್ಳಲಿ. 'ಇದು 1990ಕ್ಕೆ ಮುಂಚಿನದೋ ಆಮೇಲಿನದೋ?' 'ಟೇಲರ್ಸೋ, ಡೌಸೋ, ನೊವಾಲೋ?' ತಪ್ಪು ಹೇಳಿದವರು ಕೂರಬೇಕು, ಕೊನೆಗೆ ನಿಂತವರು ಗೆದ್ದವರು. ಪ್ರಶ್ನೆ ಕೇಳುವವರಿಗೆ ಉತ್ತರ ಗೊತ್ತಿರಬೇಕಾದ್ದರಿಂದ ಇದಕ್ಕೆ ಏಳನೇ ಬಾಟಲಿ ಬಳಸಿ. ಏನೂ ಗೊತ್ತಿಲ್ಲದವರೂ ಅದೃಷ್ಟದಿಂದ ಗೆಲ್ಲಬಹುದು. ಆಟದ ಮಜಾ ಇರುವುದೇ ಅಲ್ಲಿ.

ಈಗ ಚೀಸ್, ಚಾಕೊಲೇಟ್, ಊಟ ಎಲ್ಲ ಬರಲಿ.

ಉಳಿದದ್ದನ್ನು ಸಣ್ಣ ಬಾಟಲಿಗೆ ಅಂಚಿನವರೆಗೆ ತುಂಬಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಹಳೆಯ ವಿಂಟೇಜ್ ಒಂದೆರಡು ದಿನ, ಎಲ್‌ಬಿವಿ ಸುಮಾರು ಒಂದು ವಾರ, ಟಾನಿ ಒಂದು ತಿಂಗಳಾದರೂ ಚೆನ್ನಾಗಿರುತ್ತದೆ. ಮರುದಿನ ಸಂಜೆ ಆ ಆರನ್ನೂ ಮತ್ತೆ ಸಾಲಾಗಿ ಇಟ್ಟು, ಮನೆಯಲ್ಲಿ ಯಾರಾದರೂ ಅದಲು ಬದಲು ಮಾಡಿಕೊಟ್ಟರೆ, ಊಟಕ್ಕೆ ಮುಂಚೆ ಒಬ್ಬರೇ ಕೂತು ಇನ್ನೊಮ್ಮೆ ಸ್ಥಾನ ಬರೆಯಿರಿ. ಹಿಂದಿನ ರಾತ್ರಿಯ ಹಾಳೆಯನ್ನು ಬರೆದು ಮುಗಿಯುವ ತನಕ ಡ್ರಾಯರಿನಿಂದ ತೆಗೆಯಬೇಡಿ.